ಪಾಚಿಗೆ ಸಿಂಬೆ ಕೊಟ್ಟ ದ್ಯಾವಕ್ಕ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಗಾಳಿಗೆ ಯಾವ ಕಡೆ ಬೀಸಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಕಂಡಕಂಡವರನ್ನು ದಾರಿ ಕೇಳುತ್ತಿತ್ತು. ಆಗ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಮೀನು ಮನುಷ್ಯರ ಜೊತೆ, ಮನುಷ್ಯರು ಪಾಚಿಯ ಜೊತೆ, ಪಾಚಿ ನೀರಿನ ಜೊತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೀನಿಗೆ ಮಾತು ಎಲ್ಲಿಂದ ಬಂತು ಎಂದು ನಡುವೆ ಕೇಳಬೇಕಾಗುತ್ತದೆ.

ಆ ಕಾಲದಲ್ಲಿ ಒಂದು ಕೆರೆ ಇತ್ತು. ನೀರು ಎಷ್ಟು ತಿಳಿಯೆಂದರೆ ದಡದಲ್ಲಿ ನಿಂತು ತಳದ ಕಲ್ಲು ಎಣಿಸಬಹುದಿತ್ತು. ನೋಡುವವರಿಗೆ ಅದು ಚೆಂದ, ಮೀನುಗಳಿಗೆ ಮಾತ್ರ ಸಂಕಟ. ಯಾಕೆಂದರೆ ಕಲ್ಲು ಕಾಣುವ ನೀರಿನಲ್ಲಿ ಮೀನೂ ಕಾಣುತ್ತದೆ. ಕೊಕ್ಕರೆಗೆ ಕಂಡಿತು, ಹದ್ದಿಗೆ ಕಂಡಿತು, ಬಲೆ ಹಿಡಿದವರಿಗೂ ಕಂಡಿತು.

ಮೀನುಗಳೆಲ್ಲ ಸೇರಿ ಕೆರೆಯನ್ನು ಕೇಳಿದವು. "ಅಮ್ಮಾ, ನಮಗೊಂದು ಮರೆ ಮಾಡಿಕೊಡು."

ಕೆರೆಯ ತಳದಲ್ಲಿ ಒಂದೇ ಒಂದು ಎಳೆ ಪಾಚಿಬಳ್ಳಿ ಇತ್ತು. ತುಂಬ ಚಿಕ್ಕದು, ಹೇಳಿದ ಮಾತು ಕೇಳುವಂಥದ್ದು. ಕೆರೆ ಅದಕ್ಕೆ ಹೇಳಿತು, "ನನ್ನ ಮಕ್ಕಳನ್ನ ಭದ್ರವಾಗಿ ಹಿಡ್ಕೋ, ಮಗಾ."

ಎಷ್ಟು ಹಿಡಿಯಬೇಕು ಎಂದು ಕೆರೆ ಹೇಳಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದೂ ಹೇಳಲಿಲ್ಲ. ತಪ್ಪಾದದ್ದು ಅಲ್ಲೇ.

ಪಾಚಿ ಕಲ್ಲನ್ನು ಹಿಡಿಯಿತು. ಕಲ್ಲಿನ ಪಕ್ಕದ ಕಲ್ಲನ್ನು ಹಿಡಿಯಿತು. ಒಂದು ಎಳೆ ಹತ್ತಾಯಿತು, ಹತ್ತು ಸಾವಿರವಾಯಿತು. ಮೇಲಕ್ಕೆ ಬಂತು, ಅಡ್ಡಕ್ಕೆ ಹರಡಿತು, ಈ ದಡದಿಂದ ಆ ದಡಕ್ಕೆ ಕೈ ಕೈ ಹಿಡಿದು ಚಾಪೆಯ ಹಾಗೆ ಹಾಸಿಕೊಂಡಿತು. ಮೀನುಗಳಿಗೆ ಮರೆ ಸಿಕ್ಕಿತು. ಆದರೆ ಕೆರೆಯ ಬಾಯಿ ಮುಚ್ಚಿಹೋಯಿತು.

ಆ ಕೆರೆಯ ದಡದಲ್ಲಿ ದ್ಯಾವಕ್ಕನ ಗುಡಿಸಲು. ಮೀನು ಹಿಡಿಯುವುದು ಅವಳ ಕಸುಬು. ಗಂಡ ಬರಮಣ್ಣ ಬಲೆ ಹೆಣೆಯುತ್ತಿದ್ದ. ಮಗಳು ತುಂಗಿ ಹೆರಿಗೆಗೆಂದು ತವರಿಗೆ ಬಂದು, ಗಂಡುಮಗು ಹೆತ್ತು ಹತ್ತು ದಿನವಾಗಿತ್ತು.

ಹತ್ತು ದಿನವಾದರೂ ತುಂಗಿ ಎದ್ದು ಕೂರಲಿಲ್ಲ. ಮೈಯಲ್ಲಿ ತ್ರಾಣವಿಲ್ಲ, ಎದೆಯಲ್ಲಿ ಹಾಲಿಲ್ಲ. ಮಗು ಅಳುವುದು ಬೆಕ್ಕಿನ ಮರಿ ಅತ್ತಂತೆ ಸಣ್ಣಗೆ ಕೇಳುತ್ತಿತ್ತು. ಅದಕ್ಕೆ ಆ ಸೀಮೆಯಲ್ಲಿ ಒಂದೇ ಮದ್ದು. ಕುಚ್ಚುಮೀನಿನ ಸಾರು. ಕುಚ್ಚುಮೀನು ಎಂದರೆ ಹಾವಿನಂಥ ತಲೆಯ, ಕಪ್ಪು ಮೈಯ, ಉದ್ದನೆಯ ಮೀನು. ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿ ಅದರ ಸಾರು ಮಾಡಿ ಕೊಟ್ಟರೆ ಬಿದ್ದ ಬಾಣಂತಿ ಎದ್ದು ಕೂರುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು.

ಮೊದಲ ದಿನ ಬರಮಣ್ಣ ಬಲೆ ಬೀಸಿದ. ಬಲೆ ಪಾಚಿಯ ಮೇಲೆ ಬಿತ್ತು. ಎಳೆದ, ಬರಲಿಲ್ಲ. ದ್ಯಾವಕ್ಕನೂ ಸೇರಿ ಎಳೆದಳು. ಅರ್ಧ ಬಲೆ ಬಂತು, ಅರ್ಧ ಕೆರೆಯಲ್ಲೇ ಉಳಿಯಿತು.

"ಇದೇನು ಕೆರೆನೋ, ಹುಲ್ಲಿನ ಬಣವೆನೋ!" ಎಂದ ಬರಮಣ್ಣ.

"ಬಲೆ ಬೇಡ ಅಂದೆ ನಾನು."

"ಯಾವಾಗಂದೆ?"

"ಮನಸ್ಸಲ್ಲಿ ಅಂದೆ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಕೇಳಿಸಲ್ವಾ ನಿಮಗೆ?"

ಬರಮಣ್ಣ ಹರಿದ ಬಲೆ ಮಡಚಿಕೊಂಡು ಮನೆಗೆ ಹೋದ.

ಎರಡನೆಯ ದಿನ ದ್ಯಾವಕ್ಕ ಬಿದಿರುಕೋಲಿಗೆ ದಾರ ಕಟ್ಟಿ, ಗಾಳಕ್ಕೆ ಎರೆಹುಳ ಚುಚ್ಚಿ ಎಸೆದಳು. ಗಾಳದ ಮೊನೆ ಹೊರಗಿತ್ತು. ಹೊರಗಿದ್ದ ಮೊನೆಯನ್ನು ಪಾಚಿ ಹಿಡಿಯಿತು. ಬಿಡಿಸಿ ಎಸೆದಳು, ಮತ್ತೆ ಹಿಡಿಯಿತು. ಸಂಜೆಯ ಹೊತ್ತಿಗೆ ಒಂದು ದೊಡ್ಡ ಮೀನು ನಿಜವಾಗಿಯೂ ಕಚ್ಚಿತು. ದ್ಯಾವಕ್ಕ ಸಂತೋಷದಲ್ಲಿ ಅದನ್ನು ತನ್ನ ಕಡೆಗೆ ಓರೆಯಾಗಿ ಎಳೆದಳು. ಓರೆಯಾಗಿ ಎಳೆದರೆ ಏನಾಗುತ್ತದೆ? ಮೀನು ಪಾಚಿಯೊಳಗೆ ನುಗ್ಗುತ್ತದೆ, ದಾರ ಪಾಚಿಗೆ ಸುತ್ತಿಕೊಳ್ಳುತ್ತದೆ. ಹಾಗೇ ಆಯಿತು. ಟಪ್ ಎಂದು ದಾರ ಹರಿಯಿತು.

"ಬಿಡಬಾರದಾ ನನ್ನ ದಾರಾನ?" ಎಂದಳು ದ್ಯಾವಕ್ಕ ಪಾಚಿಗೆ.

"ಹಿಡಿ ಅಂದ್ರು, ಹಿಡಿದೆ," ಎಂದಿತು ಪಾಚಿ.

ಮೂರನೆಯ ದಿನ ಬೆಳಿಗ್ಗೆ ದ್ಯಾವಕ್ಕ ಮಗುವಿನ ತೊಟ್ಟಿಲ ಹತ್ತಿರ ಬಾಗಿದಳು. ಮಗು ಅವಳ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಎಳೆದಷ್ಟೂ ಬಿಗಿ. ಆಗ ದ್ಯಾವಕ್ಕ ಬಟ್ಟೆಯ ಚೂರೊಂದನ್ನು ಗಂಟು ಹಾಕಿ ಆ ಮುಷ್ಟಿಯೊಳಗೆ ತುರುಕಿದಳು. ಮಗು ಗಂಟನ್ನು ಹಿಡಿಯಿತು, ಬೆರಳನ್ನು ತಾನಾಗಿ ಬಿಟ್ಟಿತು.

"ಅವ್ವಾ, ಇವತ್ತೂ ಸಿಗದಿದ್ರೆ?" ಎಂದಳು ತುಂಗಿ ಮಲಗಿದಲ್ಲಿಂದ.

"ಸಿಕ್ತದೆ ಬಿಡವ್ವ," ಎಂದಳು ದ್ಯಾವಕ್ಕ. ಸಿಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮಗಳಿಗೆ ಬೇರೆ ಏನು ಹೇಳುವುದು?

ಅವಳು ತಲೆಯ ಮೇಲೆ ಸಿಂಬೆ ಇಟ್ಟು, ಸಿಂಬೆಯ ಮೇಲೆ ಖಾಲಿ ಮಡಕೆ ಇಟ್ಟು, ಹೊಸ ದಾರ ಕಟ್ಟಿದ ಗಾಳವನ್ನೂ ಕುಡುಗೋಲನ್ನೂ ಹಿಡಿದು ಕೆರೆಗೆ ಬಂದಳು. ಸಿಂಬೆ ಎಂದರೆ ಹಳೆಯ ಸೀರೆಯನ್ನು ಹುರಿ ಮಾಡಿ ಬಳೆಯ ಹಾಗೆ ದುಂಡಗೆ ಸುತ್ತಿದ್ದು. ಅದಿದ್ದರೆ ಮಡಕೆ ಉರುಳುವುದಿಲ್ಲ, ತಲೆಯೂ ನೋಯುವುದಿಲ್ಲ. ಹರಿಗೋಲು ಹತ್ತಿ, ಮಡಕೆ ಕೆಳಗಿಟ್ಟು, ಪಾಚಿಯನ್ನು ಕೋಲಿನಿಂದ ಒತ್ತುತ್ತ ಒತ್ತುತ್ತ ಕೆರೆಯ ನಡುವಿಗೆ ಹೋದಳು.

ಅಲ್ಲಿ ಒಂದು ಸದ್ದು ಕೇಳಿಸಿತು. *ಬುಳುಕ್.*

ಪಾಚಿಯ ಚಾಪೆ ಒಂದು ಕಡೆ ಉಬ್ಬಿತು, ಇಳಿಯಿತು. ಮತ್ತೆ *ಬುಳುಕ್.* ಎಳೆಗಳ ಸಂದಿಯಲ್ಲಿ ಒಂದು ಕಪ್ಪು ಮೂತಿ ಕಂಡಿತು. ಕುಚ್ಚುಮೀನು! ದ್ಯಾವಕ್ಕನ ಕೈ ಗಾಳದ ಕಡೆ ಹೋಯಿತು.

"ಅಕ್ಕಾ, ಒಂದು ಗಳಿಗೆ ತಡಿ," ಎಂದಿತು ಮೀನು. "ನಾನು ಮಕ್ಕಳೊಂದಿಗಳು. ಈ ಪಾಚಿ ಮುಚ್ಚಿ ನೀರೊಳಗೆ ಉಸಿರೇ ಇಲ್ಲ. ನಾನು ಹೆಂಗೋ ತಲೆಯಿಂದ ಗುದ್ದಿ ಮೇಲೆ ಬರ್ತೀನಿ, ಒಂದು ಗುಟುಕು ಗಾಳಿ ಕುಡೀತೀನಿ. ನನ್ನ ಮಕ್ಕಳು ಭತ್ತದ ಕಾಳಿನಷ್ಟಿವೆ. ಅವು ಹೆಂಗೆ ಗುದ್ದಾವು? ನಿನ್ನೆಯಿಂದ ಬಾಯಿ ಬಿಡ್ತಾ ಇವೆ."

ದ್ಯಾವಕ್ಕ ಬಾಗಿ ನೋಡಿದಳು. ಎಳೆಗಳ ಕೆಳಗೆ ನೂರಾರು ಸಣ್ಣ ಮರಿಗಳು. ಬೂದಿಯಂಥ ಬಣ್ಣ, ಕಂಡೂ ಕಾಣದ ಹಾಗೆ. ಎಲ್ಲವೂ ಒಂದೇ ಸಮನೆ ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅವಳಿಗೆ ಮನೆಯ ತೊಟ್ಟಿಲು ನೆನಪಾಯಿತು.

ಗಾಳ ಕೆಳಗಿಟ್ಟಳು. ಕುಡುಗೋಲು ತೆಗೆದು ಪಾಚಿಯನ್ನು ತಟ್ಟೆಯಷ್ಟಗಲ ಕೊಯ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮತ್ತೆ ಕೂಡಿಕೊಂಡಿತು. ಗಾಳಿಯನ್ನು ಕೂಗಿದಳು. ಗಾಳಿ ಬಂದು ಪಾಚಿಯನ್ನು ಆ ಕಡೆ ತಳ್ಳಿತು. ಈ ಕಡೆಯ ಪಾಚಿ ಬಂದು ಮುಚ್ಚಿತು. "ನನ್ನ ಕೈಲಿ ಇಷ್ಟೇ, ತಾಯಿ," ಎಂದು ಗಾಳಿ ಹೊರಟುಹೋಯಿತು.

"ಸ್ವಲ್ಪ ಬಿಡಪ್ಪಾ," ಎಂದಳು ದ್ಯಾವಕ್ಕ ಪಾಚಿಗೆ.

"ಬಿಡೋದು ಅಂದ್ರೆ ಹೆಂಗಜ್ಜಿ?" ಎಂದಿತು ಪಾಚಿ. ಅದರ ದನಿ ನಡುಗುತ್ತಿತ್ತು. "ನಂಗೆ ಹಿಡಿಯೋದೊಂದೇ ಗೊತ್ತು. ಬಿಟ್ರೆ ನಾನು ಎಲ್ಲಿಗೆ ಹೋಗ್ಲಿ?"

ಇಷ್ಟು ದಿನ ದ್ಯಾವಕ್ಕ ಪಾಚಿಯನ್ನು ದುಷ್ಟ ಎಂದುಕೊಂಡಿದ್ದಳು. ಈಗ ಗೊತ್ತಾಯಿತು, ಇದು ದುಷ್ಟ ಅಲ್ಲ, ಹೆದರಿದ ಕೂಸು. ಕೂಸಿನ ಮುಷ್ಟಿ ಬಿಡಿಸುವುದು ಅವಳಿಗೆ ಗೊತ್ತಿತ್ತು. ಕಿತ್ತುಕೊಳ್ಳಬಾರದು, ಹಿಡಿಯಲು ಇನ್ನೊಂದು ಕೊಡಬೇಕು.

ಅವಳು ತಲೆಯ ಮೇಲಿನ ಸಿಂಬೆ ತೆಗೆದು ಪಾಚಿಯ ಮೇಲಿಟ್ಟಳು.

"ಬಿಡಬೇಡ ಮಗಾ. ಇದನ್ನ ಹಿಡ್ಕೋ. ಸುತ್ತಲೂ ಹಿಡ್ಕೋ, ಬಿಗಿಯಾಗಿ."

ಪಾಚಿಗೆ ಸಂತೋಷವಾಯಿತು. ಈ ಕಡೆಯ ಎಳೆ ಸಿಂಬೆ ಹಿಡಿಯಿತು, ಆ ಕಡೆಯ ಎಳೆಯೂ ಸಿಂಬೆ ಹಿಡಿಯಿತು. ಎಲ್ಲ ಕೈಗಳೂ ದುಂಡಗೆ ಸುತ್ತಿಕೊಂಡವು. ಸಿಂಬೆಯ ನಡುವೆ ಏನಿರುತ್ತದೆ? ಏನೂ ಇರುವುದಿಲ್ಲ. ಹಾಗಾಗಿ ನಡುವೆ ಒಂದು ದುಂಡು ಕಿಂಡಿ ತೆರೆಯಿತು.

*ಬುಳುಕ್* ಎಂದಿತು ತಾಯಿಮೀನು. *ಬುಳು ಬುಳು ಬುಳು* ಎಂದವು ನೂರಾರು ಮರಿಗಳು.

"ಸದ್ಯ!" ಎಂದಿತು ತಾಯಿಮೀನು.

"ಸದ್ಯ!" ಎಂದಿತು ಕೆರೆ, ತಳದಿಂದ.

ದ್ಯಾವಕ್ಕ ಮಾತ್ರ ಸದ್ಯ ಎನ್ನಲಿಲ್ಲ. ತಾಯಿಮೀನು ಒಂದು ಮೊಳ ದೂರದಲ್ಲಿತ್ತು, ಕೈ ಹಾಕಿದರೆ ಸಿಗುವ ಹಾಗೆ. ಮನೆಯಲ್ಲಿ ತುಂಗಿ ಮಲಗಿದ್ದಳು. ಅವಳ ಕೈ ಗಾಳದ ಕೋಲನ್ನು ಮುಟ್ಟಿತು. ಮುಟ್ಟಿ, ಹಿಂದಕ್ಕೆ ಬಂತು. ಒಬ್ಬ ಬಾಣಂತಿಗಾಗಿ ಇನ್ನೊಬ್ಬ ಬಾಣಂತಿಯನ್ನು ಕೊಯ್ಯುವುದು ಅವಳಿಂದ ಆಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾಕಕ್ಕಾ?" ಎಂದು ಕೇಳಿತು ಮೀನು. ದ್ಯಾವಕ್ಕ ಎಲ್ಲವನ್ನೂ ಹೇಳಿದಳು.

ಮೀನು ಕಿಂಡಿಯ ಅಂಚಿಗೆ ಈಜಿ ಬಂತು. ಆಮೇಲೆ ಹೇಳಿತು, "ಈ ಕೆರೇಲಿ ಒಂಟಿ ಕುಚ್ಚು ಒಂದೈತೆ. ಮುದಿಯ. ಕಂಡ ಕಂಡ ಮೀನಿನ ಮರಿಗಳನ್ನೆಲ್ಲ ತಿಂದು ತೊಡೆಯಷ್ಟು ದಪ್ಪ ಆಗವನೆ. ನನ್ನ ಮಕ್ಕಳಲ್ಲೂ ಅರ್ಧ ಅವನ ಹೊಟ್ಟೇಲಿ. ಅವನಿಗೂ ಉಸಿರು ಬೇಕಲ್ಲ? ಈ ಕಿಂಡಿಗೆ ಬಂದೇ ಬರ್ತಾನೆ. ನಾನು ಮಕ್ಕಳನ್ನ ಆ ಕಡೆ ಕರ್ಕೊಂಡು ಹೋಗ್ತೀನಿ. ಅವನನ್ನ ನೀನು ತಗೋ. ಆದ್ರೆ ನಿನ್ನೆಯ ಹಂಗೆ ಓರೆ ಎಳೀಬೇಡ. ಅವನು ಕಚ್ಚಿದ ಮೇಲೆ ಒಂದು ಉಸಿರು ತಡಿ. ಆಮೇಲೆ ನೆಟ್ಟಗೆ ಮೇಲಕ್ಕೆ ಎತ್ತು, ಬಾವಿಯಿಂದ ಕೊಡ ಎತ್ತಿದ ಹಂಗೆ. ದಾರ ಗಟ್ಟಿ ಇರ್ಲಿ. ಗಾಳದ ಮೊನೆ ಹೊರಗೆ ಕಾಣದಿರ್ಲಿ, ಕಂಡ್ರೆ ಪಾಚಿ ಹಿಡಿಯುತ್ತೆ."

"ಏನು ಕಟ್ಟಲಿ ಗಾಳಕ್ಕೆ?"

"ಅವನಿಗೆ ಕಪ್ಪೆ ಅಂದ್ರೆ ಪ್ರಾಣ."

ಪಕ್ಕದ ತಾವರೆ ಎಲೆಯ ಮೇಲೆ ಕೂತಿದ್ದ ಕಪ್ಪೆ ಇದನ್ನೆಲ್ಲ ಕೇಳಿಸಿಕೊಂಡಿತ್ತು. ಅದು ಎರಡೂ ಕೈ ಮುಗಿಯಿತು. "ಯವ್ವಾ, ನಾನು ಮನೆಗೆ ಒಬ್ಬನೇ ದುಡಿಯೋನು! ನಿನ್ನ ಸೀರೆ ತುದಿ ಹರಿದು ಬಟ್ಟೆ ಕಪ್ಪೆ ಮಾಡು. ಕುಣಿಯೋದು ನಾನು ಹೇಳ್ಕೊಡ್ತೀನಿ!"

ದ್ಯಾವಕ್ಕ ಸೀರೆಯ ತುದಿ ಹರಿದು ಉಂಡೆ ಮಾಡಿದಳು, ಗಾಳದ ಮೊನೆಯನ್ನು ಅದರೊಳಗೆ ಮುಚ್ಚಿದಳು. ದಾರವನ್ನು ಮೂರೆಳೆಯಾಗಿ ಹೊಸೆದಳು. ಕಪ್ಪೆ ದೂರ ಕೂತು ಪಾಠ ಹೇಳಿತು. "ಪಾಚಿ ಮೇಲೇ ಬಿಡು. ಎರಡು ಹಾರು, ನಿಲ್ಲು. ಎರಡು ಹಾರು, ನಿಲ್ಲು. ಅಯ್ಯೋ, ಅಷ್ಟು ಬೇಗ ಯಾವ ಕಪ್ಪೆ ಓಡ್ತದೆ? ನಮಗೂ ದಣಿವಾಗ್ತದೆ! ಹಾಂ, ಹಂಗೆ. ಈಗ ಕಿಂಡಿ ಅಂಚಿಗೆ ಬಂದು ನಿಲ್ಲು."

ಬಟ್ಟೆಕಪ್ಪೆ ಎರಡು ಹಾರಿತು, ನಿಂತಿತು. ಎರಡು ಹಾರಿತು, ನಿಂತಿತು. ಕಿಂಡಿಯ ಅಂಚಿನಿಂದ ನೀರಿಗೆ ಇಳಿಯಿತು.

ನೀರು ಧಡ್ ಎಂದು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು. ದ್ಯಾವಕ್ಕನಿಗೆ ಆಗಲೇ ಎಳೆದುಬಿಡಬೇಕು ಅನಿಸಿತು. ಎಳೆಯಲಿಲ್ಲ. ಒಂದು ಉಸಿರು ತಡೆದಳು. ಆಮೇಲೆ ಕಾಲೂರಿ, ಬಾವಿಯಿಂದ ಕೊಡ ಎತ್ತಿದ ಹಾಗೆ ನೆಟ್ಟಗೆ ಮೇಲಕ್ಕೆತ್ತಿದಳು. ಒಂಟಿ ಕುಚ್ಚು ಪಾಚಿಯೊಳಗೆ ನುಗ್ಗಲು ನೋಡಿತು. ಪಾಚಿ ಸಿಂಬೆ ಹಿಡಿದುಕೊಂಡು ಕೂತಿತ್ತು, ಅದಕ್ಕೆ ದಾರ ಹಿಡಿಯಲು ಕೈ ಖಾಲಿ ಇರಲಿಲ್ಲ. ಮೀನು ಹರಿಗೋಲಿನೊಳಗೆ ಬಿತ್ತು.

ಸಿಂಬೆ ಇಲ್ಲದ ತಲೆಯ ಮೇಲೆ ಮಡಕೆ ನಿಲ್ಲುವುದಿಲ್ಲ. ದ್ಯಾವಕ್ಕ ಮೀನನ್ನು ಮಡಕೆಗೆ ಹಾಕಿ, ದಡ ಸೇರಿ, ಅದನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಓಡಿದಳು.

ಮಧ್ಯಾಹ್ನಕ್ಕೆ ಸಾರಾಯಿತು. ತುಂಗಿ ಒಂದು ಬಟ್ಟಲು ಕುಡಿದಳು. ಸಂಜೆ ಇನ್ನೊಂದು ಬಟ್ಟಲು. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ಬೆಳಿಗ್ಗೆ ಅವಳು ಗೋಡೆಗೆ ಒರಗಿ ಕೂತು, "ಅವ್ವಾ, ಹಾಲು ಬಂತು," ಎಂದಳು. ಮಗು ಕುಡಿದು, ತೇಗಿ, ಬಾಯಿ ತೆರೆದುಕೊಂಡೇ ನಿದ್ದೆ ಹೋಯಿತು.

"ಸದ್ಯ!" ಎಂದಳು ದ್ಯಾವಕ್ಕ. ಹೇಳಿ ಅಲ್ಲೇ ಹೊಸಲಿನ ಮೇಲೆ ಕೂತುಬಿಟ್ಟಳು.

"ಬಲೆಗೆ ಆಗದ್ದು ಬಟ್ಟೆಗಾಯ್ತು," ಎಂದ ಬರಮಣ್ಣ. "ನಾನೂ ಅದನ್ನೇ ಹೇಳೋಣ ಅಂತಿದ್ದೆ. ಮನಸ್ಸಲ್ಲಿ."

ಇಷ್ಟು ದಿನ ನಗದವರೆಲ್ಲ ನಕ್ಕರು.

ಆ ದಿನ ಬಾಣಂತಿಗೂ ಕೂಸಿಗೂ ದೃಷ್ಟಿ ತೆಗೆದರು. ಅರಿಸಿನದ ನೀರಿಗೆ ಸುಣ್ಣ ಕದಡಿದರೆ ನೀರು ಕೆಂಪಾಗುತ್ತದೆ. ಆ ಕೆಂಪು ನೀರನ್ನು ತಟ್ಟೆಯಲ್ಲಿಟ್ಟು ತಾಯಿಮಗುವಿಗೆ ಮೂರು ಸುತ್ತು ನಿವಾಳಿಸಿ, ಯಾರೂ ತುಳಿಯದ ಕಡೆ ಚೆಲ್ಲಬೇಕು. ಯಾರೂ ತುಳಿಯದ ಕಡೆ ಯಾವುದು? ದ್ಯಾವಕ್ಕ ಯೋಚಿಸಿದಳು. ತಟ್ಟೆ ಹಿಡಿದು ಹರಿಗೋಲು ಹತ್ತಿದಳು. ಕಿಂಡಿಯ ಮೇಲೂ ಮೂರು ಸುತ್ತು ನಿವಾಳಿಸಿ, "ನನ್ನ ಕೂಸಿನ ದೃಷ್ಟಿ ಹೋದಂಗೆ ನಿನ್ನ ಕೂಸುಗಳ ದೃಷ್ಟೀನೂ ಹೋಗಲಿ, ತಂಗಿ," ಎಂದು ಕೆಂಪು ನೀರನ್ನು ಅಲ್ಲೇ ಚೆಲ್ಲಿದಳು.

ಉಸಿರಿಗೆ ಬಂದಿದ್ದ ಮರಿಗಳೆಲ್ಲ ಅದರಲ್ಲಿ ಮಿಂದವು. ಬೂದಿ ಬಣ್ಣದ ಮರಿಗಳು ಕೆಂಪಗೆ, ಕುಂಕುಮದ ಉಂಡೆಯ ಹಾಗೆ ಹೊಳೆದವು.

ತಾಯಿಮೀನಿಗೆ ಗಾಬರಿಯಾಯಿತು. "ಅಕ್ಕಾ, ಈಗ ಎಲ್ಲರಿಗೂ ಕಾಣ್ತಾವಲ್ಲ!"

"ಕಾಣ್ಲಿ ಅಂತಾನೇ," ಎಂದಳು ದ್ಯಾವಕ್ಕ. "ಕಂಡ್ರೆ ತಾನೇ ನನ್ನೋರು ಗಾಳ ಎತ್ಕೊಂಡು ಬೇರೆ ಕಡೆ ಹೋಗೋದು? ಈ ಕೆಂಪು ಇರೋವರೆಗೂ ನಿನ್ನನ್ನೂ ಮುಟ್ಟಲ್ಲ, ಅವನ್ನೂ ಮುಟ್ಟಲ್ಲ. ಕೆಂಪು ತೊಳೆದುಹೋಗಿ ಕಪ್ಪಾದ್ರೆ ಅವು ದೊಡ್ಡೋರಾದವು. ಆಮೇಲೆ ಅವುಂಟು, ಗಾಳ ಉಂಟು."

"ಅಷ್ಟು ಸಾಕಕ್ಕಾ," ಎಂದಿತು ತಾಯಿಮೀನು. ನಿರಾಳವಾಗಿ ಒಂದು ಗುಟುಕು ಗಾಳಿ ಕುಡಿದು ಮಕ್ಕಳ ಕೆಳಗೆ ಹೋಗಿ ಕಾವಲು ನಿಂತಿತು.

ಸಿಂಬೆ ಯಾವಾಗಲೋ ಕರಗಿಹೋಯಿತು. ಪಾಚಿ ಮಾತ್ರ ದುಂಡಗೆ ಹಿಡಿಯುವುದನ್ನು ಮರೆಯಲಿಲ್ಲ. ಅದಕ್ಕೇ ಇವತ್ತಿಗೂ ಪಾಚಿ ತುಂಬಿದ ಕೆರೆಯಲ್ಲಿ ಅಲ್ಲಲ್ಲಿ ದುಂಡು ಕಿಂಡಿಗಳಿವೆ, ಕುಚ್ಚುಮೀನು ಅಲ್ಲಿ ಬುಳುಕ್ ಎಂದು ಮೇಲೆ ಬರುತ್ತದೆ. ಮತ್ತು ಗಾಳ ಹಿಡಿದು ಕೂತ ಮುದುಕನೊಬ್ಬ ಕಿಂಡಿಯಲ್ಲಿ ಕೆಂಪು ಮರಿಗಳ ಉಂಡೆ ಕಂಡೊಡನೆ ಮಾತಿಲ್ಲದೆ ದಾರ ಸುತ್ತಿಕೊಂಡು ಮುಂದಿನ ಕಿಂಡಿಗೆ ನಡೆದರೆ, ಅವನು ದ್ಯಾವಕ್ಕನ ಮಾತು ಉಳಿಸುತ್ತಿದ್ದಾನೆ.