ಸಾಹುಕಾರರ ಮನೆಗೆ ಬಂದ ಸೀಸೆ

ನಮ್ಮೂರ ನರ್ಸಮ್ಮನ ಲಸಿಕೆ ಪೆಟ್ಟಿಗೆಯಲ್ಲಿ ಆವತ್ತು ಉಳಿದಿದ್ದು ಒಂದೇ ಸೀಸೆ. ಹತ್ತು ಮಕ್ಕಳಿಗೆ ಸಾಕು. ಆದರೆ ಒಮ್ಮೆ ತೆರೆದರೆ ಆವತ್ತೇ ಮುಗಿಸಬೇಕು, ಮಿಕ್ಕಿದ್ದನ್ನು ಚೆಲ್ಲಬೇಕು.

ಅಷ್ಟರಲ್ಲಿ ರೈಸ್‌ಮಿಲ್ಲಿನ ಸಾಹುಕಾರರ ಫೋನು ಬಂತು. "ನನ್ನ ಮೊಮ್ಮಗ ಹಮಾಲರ ಮಕ್ಕಳ ಜೊತೆ ಸಾಲಲ್ಲಿ ನಿಲ್ಲಲ್ಲ. ಸೀಸೆ ಮನೆಗೇ ತಗೊಂಡು ಬಾ. ಇಲ್ಲಾಂದ್ರೆ ನಿನ್ನ ವರ್ಗ ಮಾಡಿಸ್ತೀನಿ!"

"ಬಂದೆ, ಯಜಮಾನ್ರೇ," ಅಂದಳು ನರ್ಸಮ್ಮ.

ಬಂದಳು. ಹಿಂದೆಯೇ ಹಮಾಲರ ಹೆಂಡಂದಿರು ಒಂಬತ್ತು ಮಂದಿ, ಕಂಕುಳಲ್ಲಿ ಒಂದೊಂದು ಕೂಸು. ಜಗಲಿ ತುಂಬಿತು.

"ಏನಿದು?" ಸಾಹುಕಾರರು ಕೆಂಡವಾದರು.

"ಸೀಸೆ ಬಂದಲ್ಲಿಗೆ ಮಕ್ಕಳೂ ಬರಬೇಕಲ್ಲ, ಯಜಮಾನ್ರೇ. ನಮ್ಮ ರಾಜ್ಯದ ದುಡ್ಡಲ್ಲಿ ನಮ್ಮವರೇ ವರ್ಷಗಟ್ಟಲೆ ಒದ್ದಾಡಿ ಕಂಡುಹಿಡಿದ ಲಸಿಕೆ ಇದು. ಒಂದು ಹನಿಯನ್ನೂ ನಾನು ಚೆಲ್ಲಲ್ಲ."

ಅಷ್ಟರಲ್ಲಿ ಆ ಹೆಂಗಸರ ಜೊತೆ ಬಂದಿದ್ದ ಒಬ್ಬ ಮುದುಕಿ ಕೈಮುಗಿದಳು. "ನಮ್ಮ ಮಕ್ಕಳಿಗೆ ಮನೆ ಬಿಟ್ಟುಕೊಟ್ಟಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ, ಸಾಹುಕಾರ್ರೇ!"

ಇನ್ನು ಬೈಯುವುದು ಹೇಗೆ? ಸಾಹುಕಾರರು ಮೀಸೆ ತಿರುವಿ ಎಲ್ಲರಿಗೂ ಚಾ ಹೇಳಿದರು. ಮೊಮ್ಮಗನ ಸರದಿ ಕೊನೆಗೆ ಬಂತು. ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

ಹೊರಡುವಾಗ ನರ್ಸಮ್ಮ ಕೇಳಿದಳು, "ಮುಂದಿನ ತಿಂಗಳು ಇನ್ನೊಂದು ಡೋಸಿದೆ. ಮನೆಗೇ ತರಲಾ?"

"ಬೇಡಮ್ಮಾ," ಅಂದರು ಸಾಹುಕಾರರು, "ನಾವೇ ಬಂದು ಸಾಲಲ್ಲಿ ನಿಲ್ತೀವಿ."