ಮರಿಯಿಲ್ಲದ ಕವಲು

ಕಡಲ ದಂಡೆಯ ಆಶ್ರಮಕ್ಕೆ ಬರುವ ಮುನ್ನ ಸುಗುಣಮ್ಮ ಮೂವತ್ತು ವರ್ಷ ದನಕರುಗಳ ಡಾಕ್ಟರಾಗಿದ್ದವರು. ಆಶ್ರಮದಲ್ಲಿ ಅವರ ಶಿಷ್ಯೆ ನಾಗವೇಣಿ. ಅವಳಿಗೆ ಮಕ್ಕಳಾಗಿರಲಿಲ್ಲ. ಗಂಡ ತೀರಿದ ಮೇಲೆ ಅಲ್ಲಿಗೆ ಬಂದು ಸೇರಿದ್ದಳು.

ಹಿಂದಿನ ತಿಂಗಳು ಅವಳ ತಂಗಿ ಜ್ವರ ಬಂದು ಹೋಗಿಬಿಟ್ಟಳು. ನಾಲ್ಕು ವರ್ಷದ ಮಗಳೊಬ್ಬಳು ಉಳಿದಳು. ತಂಗಿಯ ಗಂಡ ಮೀನು ಹಿಡಿಯಲು ಕಡಲಿಗಿಳಿದರೆ ಮರಳುವುದು ವಾರದ ಮೇಲೆ. ಇವತ್ತು ಮಧ್ಯಾಹ್ನ ಮಗುವನ್ನು ಕರೆತಂದು ನಿಮ್ಮ ಹತ್ತಿರ ಬಿಡುತ್ತೇನೆ, ಸಾಕಲು ಆಗದಿದ್ದರೆ ಈಗಲೇ ತಿಳಿಸಿ ಎಂದು ನಾಗವೇಣಿಗೆ ಹೇಳಿಕಳಿಸಿದ್ದ.

"ಆಗದು ಅಂದುಬಿಡಲೇ ಅಮ್ಮ? ಹೊತ್ತು ಹೆತ್ತವಳಲ್ಲ ನಾನು. ನನ್ನ ಹತ್ತಿರ ಆ ಮಗುವಿಗೆ ಏನು ಸಿಗುತ್ತದೆ?" ಎಂದಳು ನಾಗವೇಣಿ.

ಸುಗುಣಮ್ಮ ಕೊಯ್ಯುವ ಚಾಕು ತೆಗೆದುಕೊಂಡು ಎದ್ದರು. ಬೆಳಿಗ್ಗೆ ಗಬ್ಬದ ಡಾಲ್ಫಿನ್ ಒಂದು ಸತ್ತು ದಡಕ್ಕೆ ಬಿದ್ದಿತ್ತು. ಪರೀಕ್ಷಿಸಿಕೊಡಿ ಎಂದು ಅರಣ್ಯ ಇಲಾಖೆಯವರು ಕೇಳಿಕೊಂಡಿದ್ದರು.

"ಬಕೆಟ್ ತಗೊಂಡು ಬಾ," ಎಂದರು.

ದಡದಲ್ಲಿ ಸುಗುಣಮ್ಮ ಡಾಲ್ಫಿನ್ನಿನ ಹೊಟ್ಟೆ ಕೊಯ್ದು ಗರ್ಭಕೋಶ ಬಿಡಿಸಿದರು. ಅದಕ್ಕೆ ಎರಡು ಕವಲು. ಎಡಗವಲಿನಲ್ಲಿ ಮರಿ, ಬಾಲ ಮಡಚಿಕೊಂಡು ಮಲಗಿದ ಹಾಗಿತ್ತು. ನಾಗವೇಣಿ ಮುಖ ತಿರುಗಿಸಿದಳು. ಬಲಗವಲಿನಲ್ಲಿ ಮರಿ ಇರಲಿಲ್ಲ.

"ಮಾಸು ಎಲ್ಲಿದೆ, ತೋರಿಸು."

ಹೊಟ್ಟೆಯ ಕೂಸನ್ನು ಪೊರೆಯುವ ಮಾಸು ಹೆಂಗಸರಲ್ಲಿ ತಟ್ಟೆಯ ಹಾಗೆ ಒಂದೇ ಕಡೆ ಅಂಟಿಕೊಂಡಿರುವುದು ನಾಗವೇಣಿಗೆ ಗೊತ್ತಿತ್ತು. ಮರಿಯ ಸುತ್ತ ಬೆರಳಾಡಿಸಿದಳು. ಅಂಥದ್ದೇನೂ ಸಿಗಲಿಲ್ಲ.

"ಇಲ್ಲ ಅಮ್ಮ."

ಸುಗುಣಮ್ಮ ಗರ್ಭಕೋಶದ ಗೋಡೆಗಂಟಿದ ಪೊರೆಯ ಅಂಚನ್ನು ಮೆಲ್ಲಗೆ ಎತ್ತಿದರು. ಹರಿಯದೆ, ನೆತ್ತರು ಸುರಿಯದೆ ಬಿಟ್ಟುಕೊಂಡಿತು. ಅದರ ಮೈತುಂಬ ಒದ್ದೆ ಮಖಮಲ್ಲಿನಂಥ ಸಣ್ಣ ಕುಚ್ಚುಗಳು. ತಾಯಿಯ ಗೋಡೆಯಲ್ಲಿ ಅವು ಕೂರುವ ಅಷ್ಟೇ ಸಣ್ಣ ಕುಳಿಗಳು.

"ಇದೇ ಮಾಸು. ಎಲ್ಲಿಯವರೆಗಿದೆ ನೋಡು."

ನಾಗವೇಣಿ ಪೊರೆಯ ಮೇಲೆ ಕೈಯಾಡಿಸುತ್ತ ಹೋದಳು. ಎಡಗವಲು ಮುಗಿಯಿತು, ಪೊರೆ ಮುಗಿಯಲಿಲ್ಲ. ಬಲಗವಲಿಗೆ ದಾಟಿ ಒಳಗೆಲ್ಲ ಹಬ್ಬಿತ್ತು. ಅಲ್ಲೂ ಅವೇ ಕುಚ್ಚುಗಳು.

"ಈ ಕಡೆ ಮರಿಯೇ ಇಲ್ಲವಲ್ಲ?"

"ಇಲ್ಲ."

"ಮತ್ತೆ ಇವು?"

"ಮರಿಗೆ ಉಸಿರು, ಆಹಾರ ಈ ಕಡೆಯಿಂದಲೂ ಹೋಗುತ್ತಿತ್ತು."

ನಾಗವೇಣಿ ಬಲಗವಲಿನ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ತಾಯಿ, ಮರಿ ಎರಡನ್ನೂ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಅಲೆಯಲ್ಲಿ ಕೈ ತೊಳೆಯುವಾಗ ನಾಗವೇಣಿ ಕೇಳಿದಳು:

"ಆ ಹುಡುಗಿ ನನ್ನನ್ನು ಅಮ್ಮ ಅಂತ ಒಪ್ಪಿಕೊಳ್ಳುತ್ತಾಳಾ?"

"ಅದು ಆಮೇಲಿನ ಮಾತು," ಎಂದರು ಸುಗುಣಮ್ಮ. "ಹಸಿದುಕೊಂಡು ಬರುತ್ತಾಳೆ. ಹೋಗಿ ಅನ್ನಕ್ಕಿಡು."