ಒಂದು ಮೊರ ತೌಡಿಗೆ ಕೊಂಡ ಕಿರೀಟ

ದಾಳ ಉರುಳಿಸುತ್ತಾ, ಕೂತಲ್ಲೇ ಒಬ್ಬ ವೀರನಾಗಿ, ಇನ್ನೊಬ್ಬ ಮಾಂತ್ರಿಕನಾಗಿ ಆಡುವ ಆಟವೊಂದಿದೆಯಲ್ಲ, ಆ ಆಟದ ಸೀಮೆಯಲ್ಲಿ ಒಂದೂರು. ಊರಾಚೆ ಒಂದು ಗುಡ್ಡ, ಗುಡ್ಡದ ಮೇಲೊಂದು ಪಾಳುಕೋಟೆ. ಊರೊಳಗೆ ಒಬ್ಬಳು ಚೌಡವ್ವ, ಅವಳಿಗೊಬ್ಬ ಮಗ, ಆ ಮಗ ಪೆದ್ದ. ಎಂಥ ಪೆದ್ದ ಅಂದರೆ, "ಒಲೆ ಮೇಲೆ ಹಾಲಿದೆ, ಉಕ್ಕೋದನ್ನ ನೋಡ್ಕೋತಾ ಇರು" ಅಂದರೆ, ಉಕ್ಕಿ ಹರಿದು ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. "ಉಕ್ಕಿತು ಅವ್ವ, ಚೆನ್ನಾಗಿತ್ತು" ಅನ್ನುತ್ತಿದ್ದ.

ಪೆದ್ದುತನದ ಚಿಂತೆಗಿಂತ ದೊಡ್ಡ ಚಿಂತೆಯೊಂದು ಚೌಡವ್ವನಿಗಿತ್ತು. ಅವಳ ಮಾವ ಕರಿಕೊಂಬಿನ ದೊರೆ, ಏಳೂರು ಸುಟ್ಟವನು. ವೀರರು ಬಂದು ಅವನನ್ನು ಕೊಂದರು, ಅವನ ಕೇಡನ್ನು ಕೊಲ್ಲಲಾಗಲಿಲ್ಲ. ಅದು ಕೋಟೆಯಲ್ಲಿದ್ದ ಕಬ್ಬಿಣದ ಕಿರೀಟದೊಳಗೆ ಉಳಿಯಿತು. ಚೌಡವ್ವನ ಗಂಡನಿಗೆ ಇಪ್ಪತ್ತು ತುಂಬಿದಾಗ ಸತ್ತ ಅಪ್ಪ ಕನಸಿನಲ್ಲಿ ಬಂದು ಕರೆದ. ಗಂಡ ಗುಡ್ಡ ಹತ್ತಿ, ಕಿರೀಟ ತಲೆಗಿಟ್ಟುಕೊಂಡು ಇಳಿದ. ಹೆಂಡತಿಯನ್ನು ನೋಡಿ "ಯಾರು ನೀನು" ಅಂದ. ವೀರರು ಮತ್ತೆ ಬಂದರು, ಅವನನ್ನೂ ಕೊಂದರು. ಕಿರೀಟ ಉರುಳುತ್ತಾ ಉರುಳುತ್ತಾ ತಾನೇ ಗುಡ್ಡ ಹತ್ತಿತು. ಆಗ ಅವಳು ತುಂಬು ಬಸುರಿ.

ಮಗು ಹುಟ್ಟಿದ ದಿನವೇ ಅದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯ ನಿಂಗಜ್ಜಿ ಎತ್ತಿಕೊಂಡು, "ತಿಪ್ಪೇಲಿ ಸಿಕ್ಕಿದ ಕೂಸು, ಯಾರಿಗಾದ್ರೂ ಬೇಕೇನ್ರವ್ವ" ಅಂತ ಕೂಗಿದಳು. ಚೌಡವ್ವ ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಳು. ಹಾಗೆ ಕೊಂಡ ಕೂಸಿಗೆ ಹಿಂದಿನ ವಂಶವಿಲ್ಲ, ವಂಶದ ಕೇಡು ಅದನ್ನು ಹುಡುಕಿಕೊಂಡು ಬರಲಾರದು ಅಂತ ಆ ಊರಿನವರ ನಂಬಿಕೆ. ತಿಪ್ಪ ಅಂತ ಹೆಸರಿಟ್ಟಳು. "ನೀನು ಯಾರ ವಂಶದವನೂ ಅಲ್ಲಪ್ಪ, ತಿಪ್ಪೆಯಿಂದ ಬಂದೋನು" ಅಂತ ಹೇಳಿ ಹೇಳಿಯೇ ಬೆಳೆಸಿದಳು. ತಿಪ್ಪ ಅದನ್ನೂ ಹೇಳಿದ ಹಾಗೇ ನಂಬಿದ. ಬೆಳಿಗ್ಗೆ ಎದ್ದು ತಿಪ್ಪೆಗೆ ಕೈಮುಗಿಯುತ್ತಿದ್ದ. "ಹುಟ್ಟಿದ ಜಾಗ ಮರೀಬಾರದು ಅವ್ವ" ಅನ್ನುತ್ತಿದ್ದ.

ಇಪ್ಪತ್ತು ತುಂಬಿದ ದಿನ ಚೌಡವ್ವ ಹಬ್ಬದಡಿಗೆ ಮಾಡಿ, "ಸಾರಿಗೆ ಉಪ್ಪು ಹಾಕೋ" ಅಂದಳು. ತಿಪ್ಪ ಇದ್ದ ಉಪ್ಪನ್ನೆಲ್ಲ ಹಾಕಿದ.

"ಅಯ್ಯೋ ಪೆದ್ದುಮುಂಡೇದೇ, ಯಾವುದನ್ನೇ ಆಗಲಿ, ಹಾಕೋ ಮುಂಚೆ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು ನೋಡಬೇಕು."

"ಆಗಲಿ ಅವ್ವ."

ಬರೀ ಮೊಸರನ್ನ ಉಂಡು ಮಧ್ಯಾಹ್ನ ಮಲಗಿದ. ಕನಸಿನಲ್ಲಿ ಕೊಂಬಿನ ಮುದುಕ ಬಂದ. "ಮೊಮ್ಮಗನೇ, ನಿನ್ನ ದಿಂಬಿನಡಿ ಕರಿಪುಡಿ ಇಟ್ಟಿದೀನಿ. ಊರಬಾವಿಗೆ ಹಾಕು" ಅಂದ. ತಿಪ್ಪ ಎದ್ದು ನೋಡಿದರೆ ಪುಡಿಯ ಚೀಲ ಇದೆ. ಬಾವಿಕಟ್ಟೆಗೆ ಹೋದ. ಹಾಕೋ ಮುಂಚೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಅಲ್ಲೇ ಮುಖ ನೀಲಿಗಟ್ಟಿ ಬಿದ್ದ. ಊರವರು ಹೊತ್ತು ತಂದರು. ಮೂರು ದಿನ ವಾಂತಿ, ಭೇದಿ. ಚೌಡವ್ವ ಚೀಲವನ್ನು ಒಲೆಗೆ ಹಾಕಿದಳು. ಹಸಿರು ಹೊಗೆ ಬಂತು. ಮಗ ಕನಸಿನ ಸಂಗತಿ ಹೇಳಿದಾಗ, ಗಂಡನಿಗೆ ಬಂದ ಕನಸೇ ಇವನಿಗೂ ಶುರುವಾಯಿತೆಂದು ಅವಳಿಗೆ ಗೊತ್ತಾಯಿತು.

"ಗುರುತಿಲ್ಲದೋರು ಕೊಟ್ಟದ್ದನ್ನ ನೀನು ತಿಂತೀಯೇನೋ? ಯಾರು ಏನೇ ಕೊಡಲಿ, ಕೊಟ್ಟೋರಿಗೇ ಮೊದಲು ಕೊಡು."

"ಆಗಲಿ ಅವ್ವ."

ನಾಲ್ಕನೇ ದಿನ ಅಂಗಳದಲ್ಲಿ ಸಂಡಿಗೆ ಹರಡಿ, ಕಾಗೆ ಕಾಯಲು ಅವನನ್ನು ಕೂರಿಸಿದಳು. ಕೂತವನು ನಿದ್ದೆ ಹೋದ. ಕೊಂಬಿನ ಮುದುಕ ಕೈಯಲ್ಲಿ ಚಾವಟಿ ಹಿಡಿದು ಬಂದ. "ಇದರಲ್ಲಿ ಒಂದೇಟು ತಿಂದೋನು ಹೊಡೆದೋನ ಆಳಾಗ್ತಾನೆ. ತಗೋ, ಊರನ್ನೆಲ್ಲ ಆಳು ಮಾಡ್ಕೋ."

ತಿಪ್ಪ ಚಾವಟಿ ಇಸಕೊಂಡ. "ಮೊದಲು ನಿಂಗೇ ಅಜ್ಜ" ಅಂತ ಚಟೀರೆಂದು ಒಂದು ಬಿಟ್ಟ.

ಮುದುಕ ಹಲ್ಲು ಕಡಿದುಕೊಂಡು, "ಅಪ್ಪಣೆ ಒಡೆಯಾ" ಅಂದ.

"ಸಂಡಿಗೆಗೆ ಕಾಗೆ ಬರ್ತವೆ, ಓಡಿಸು."

ಚೌಡವ್ವ ಬಂದು ನೋಡಿದಳು. ಮಗ ಗೊರಕೆ ಹೊಡೆಯುತ್ತಿದ್ದಾನೆ. ಎರಡು ಕೊಂಬಿನ ನೆರಳೊಂದು ಹುಶ್, ಹುಶ್ ಎನ್ನುತ್ತಾ ಅಂಗಳದ ತುಂಬ ಓಡಾಡುತ್ತಿದೆ. ಒಂದೇ ಒಂದು ಸಂಡಿಗೆ ಹೋಗಿಲ್ಲ. ಮಗ ಎದ್ದು ಎಲ್ಲ ಹೇಳಿದಾಗ ಅವಳಿಗೆ ನಗು ಬಂತು. ಬೈದೂ ಬೈದೂ ನಾಲಿಗೆಗೆ ಅಭ್ಯಾಸವಾಗಿತ್ತಲ್ಲ, ನಗುತ್ತಲೇ ಬೈದಳು. "ಹಿರೀಕರ ಮೇಲೆ ಕೈ ಮಾಡ್ತಾರೇನೋ? ಹಿರೀಕರು ಕೊಟ್ಟದ್ದನ್ನ ಎರಡೂ ಕೈಲಿ ತಗೋಬೇಕು, ಇಡು ಅಂದ ಕಡೆ ಇಡಬೇಕು."

"ಆಗಲಿ ಅವ್ವ."

ಬುದ್ಧಿ ಹೇಳಿದ ಮೇಲೆ, ಕಿರೀಟ ನೆನಪಾಗಿ ಚೌಡವ್ವ ನಾಲಿಗೆ ಕಚ್ಚಿಕೊಂಡಳು. "ಬೇಡ ಕಣೋ, ಏನೂ ತಗೋಬೇಡ" ಅಂದಳು. ತಿಪ್ಪನ ತಲೆಯೋ, ಒಂದು ಮಾತು ಒಳಗೆ ಹೋದರೆ ಬಾಗಿಲು ಹಾಕಿಕೊಳ್ಳುವ ತಲೆ. "ಎರಡೂ ಕೈಲಿ, ಎರಡೂ ಕೈಲಿ" ಅನ್ನುತ್ತಾ ಎಮ್ಮೆಗೆ ನೀರು ಕುಡಿಸಲು ಹೋದ.

ಮರುದಿನ ಅವನಿಗೆ ನಿದ್ದೆ ಮಾಡಲು ಬಿಡಬಾರದೆಂದು ಸೌದೆ ಒಡೆಸಿದಳು, ನೀರು ಹೊರಿಸಿದಳು, ತಾನೂ ಜೊತೆಗೆ ಹೊತ್ತಳು. ಉಂಡ ಮೇಲೆ ನಿದ್ದೆ ಬಂದದ್ದು ಅವಳಿಗೆ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಬರಿಯ ಚಾಪೆ.

ಚೌಡವ್ವ ಗುಡ್ಡಕ್ಕೆ ಓಡಿದಳು. ಕೋಟೆಯಲ್ಲಿ ಕಿರೀಟವಿರುತ್ತಿದ್ದ ಕಲ್ಲು ಖಾಲಿ. ಎದ್ದೂ ಬಿದ್ದೂ ಇಳಿದಳು. ದಾರಿಯುದ್ದಕ್ಕೂ ಒಂದೇ ಮಾತು ಕಿವಿಯಲ್ಲಿ: ಯಾರು ನೀನು, ಯಾರು ನೀನು. ನಾನೇ ಅಲ್ಲವೇ ಎರಡೂ ಕೈ ಒಡ್ಡು ಅಂದದ್ದು?

ತಿಪ್ಪ ಹಿತ್ತಲಲ್ಲಿ ನಿಂತಿದ್ದ. ಬರಿದಲೆ. ಮೊಣಕೈವರೆಗೆ ಸಗಣಿ.

ಹತ್ತಿರ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ದೂರದಿಂದಲೇ, "ನಾನು ಯಾರೋ?" ಅಂದಳು.

"ಅವ್ವ. ಯಾಕವ್ವ, ಬಿಸಿಲು ತಲೆಗೆ ಏರಿತಾ?"

ಚೌಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, "ಕಿರೀಟ?"

"ಕನಸಲ್ಲಿ ಅಜ್ಜ ಕೊಟ್ಟ, ಎರಡೂ ಕೈಲಿ ತಗೊಂಡೆ. 'ನಿನ್ನ ವಂಶದ ಗದ್ದುಗೆ ಮೇಲೆ ಇಡು, ಮಿಕ್ಕದ್ದು ಅದೇ ನೋಡ್ಕೊಳ್ಳುತ್ತೆ' ಅಂದ ಅಜ್ಜ. ನಂದು ಇದೇ ಅಲ್ವ?" ತಿಪ್ಪೆ ತೋರಿಸಿದ. "ಇಟ್ಟರೆ ಅಳೋಕೆ ಶುರು ಮಾಡ್ತು ಅವ್ವ. ಪಾಪ, ಯಾರೂ ದಿಕ್ಕಿಲ್ಲದ್ದು. ಅದಕ್ಕೇ ನಿಂಗಜ್ಜೀನ ಕರೆದೆ."

ನಿಂಗಜ್ಜಿಗೆ ಈಗ ಕಣ್ಣು ಮಂಜು. "ಕೂಸು ತಣ್ಣಗಿದೆ ಕಣ್ಲಾ, ಬೇಗ ಬೆಚ್ಚಗೆ ಸುತ್ತು" ಅಂತ ಹೇಳಿ, ಎತ್ತಿ ಅವನ ಕೈಗೆ ಕೊಟ್ಟು, ಒಂದು ಮೊರ ತೌಡು ಹೊತ್ತುಕೊಂಡು ಹೋಗಿದ್ದಳು.

"ಇದ್ದದ್ದೇ ಒಂದು ಮೊರ ತೌಡು, ಎಮ್ಮೆಗೆ ಏನು ಹಾಕ್ಲೋ ಪೆದ್ದುಮುಂಡೇದೇ" ಅಂದಳು ಚೌಡವ್ವ. ಅನ್ನುವಾಗಲೇ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹಳೆ ಸೀರೆಯಲ್ಲಿ ಸುತ್ತಿಟ್ಟಿದ್ದ ಕಿರೀಟವನ್ನು ಬಿಚ್ಚಿ ನೋಡಿದರೆ, ಮೊನೆಗಳೆಲ್ಲ ಉದುರಿ ಬರೀ ಒಂದು ಬಳೆ ಉಳಿದಿತ್ತು. ನೀರಿನ ಮಡಕೆ ಉರುಳದಂತೆ ಅದರ ಅಡಿಗಿಟ್ಟಳು, ಹೇಳಿ ಮಾಡಿಸಿದ ಹಾಗೆ ಕೂತಿತು. ಮರುದಿನದ ಕನಸಿನಲ್ಲಿ ಮುದುಕನಿಗೆ ಕೊಂಬಿರಲಿಲ್ಲ. ಹೆಗಲ ಮೇಲೊಂದು ಟವೆಲು. "ಮಗಾ, ನಾನು ಯಾರು?" ಅಂತ ಕೇಳಿದನಂತೆ. "ನೀನೂ ತಿಪ್ಪನೇ, ದೊಡ್ಡ ತಿಪ್ಪ" ಅಂದನಂತೆ ಇವನು. ಮುದುಕ ಸಮಾಧಾನವಾಗಿ ಹೋದನಂತೆ. ವೀರರು ಆ ಊರಿನ ದಾರಿಯನ್ನೇ ಮರೆತರು.

ಚೌಡವ್ವ ಮಗನ ಕೆನ್ನೆ ಸವರಿ ಹೇಳಿದಳು, "ನಂಗಿರೋ ಬುದ್ಧಿ ನಿಂಗಿದ್ದಿದ್ದರೆ ಕೆಡ್ತಿದ್ದೆ, ನಿನ್ನ ಪೆದ್ದುತನ ಕಾಪಾಡಿತು ಕಣಪ್ಪ. ಇನ್ನು ಮೇಲೆ ನನ್ನ ಮಾತು ಒಂದನ್ನೂ ಕೇಳಬೇಡ."

"ಆಗಲಿ ಅವ್ವ" ಅಂದು ಹೋಗಿ ತಿಪ್ಪೆಯ ಪಕ್ಕ ಕೂತ.

ಬಿಸಿ ಮುದ್ದೆ ಮಾಡಿ, "ಉಣ್ಣೋಕೆ ಬಾರೋ" ಅಂತ ಕರೆದಳು. ಅವನು ಬರಲಿಲ್ಲ. ಮೂರು ಸಲ ಕರೆದಳು, ಅಲ್ಲಾಡಲಿಲ್ಲ. ಆಮೇಲೆ ಅವಳಿಗೆ ಅರ್ಥವಾಯಿತು. ತಟ್ಟೆ ಎತ್ತಿಕೊಂಡು ತಾನೇ ಹಿತ್ತಲಿಗೆ ಹೋದಳು. ತಿಪ್ಪೆಗೆ ಒಂದು ಸಲ ಕೈಮುಗಿದು, ಮಗನ ಪಕ್ಕ ಕೂತು, ತಟ್ಟೆಯನ್ನು ಅವನ ಮುಂದಿಟ್ಟಳು.

"ತಿನ್ನಬೇಡ" ಅಂದಳು.

ತಿಪ್ಪ ಹೊಟ್ಟೆ ತುಂಬ ಉಂಡ.